ಕೃಷ್ಣವ್ವನ ಕಾಫಿ ಮಷಿನ್ನು

ಕೆಂಪು ದೀಪ ಹತ್ತಿತು, ತಳದ ತಟ್ಟೆ ಕಾಯಿತು, ನೀರು ಮಾತ್ರ ಮೇಲೇರಲಿಲ್ಲ. ರಾಣಿ ಕಾಫಿ ಮಷಿನ್ನಿನ ಬೆನ್ನಿಗೊಂದು ಪೆಟ್ಟು ಕೊಟ್ಟಳು. ಜಪ್ಪಯ್ಯ ಅಂದರೂ ಅದು ಜಗ್ಗಲಿಲ್ಲ.

ಓಣಿಗೆ ಓಣಿಯೇ ಚಹಾ ಕುಡಿಯುವ ರಾಮದುರ್ಗಕ್ಕೆ ಅದನ್ನು ತಂದವಳು ಕೃಷ್ಣವ್ವ, ಶಟ್ಟೆಪ್ಪನ ಮೊದಲ ಹೆಂಡತಿ. ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದಾಗ ಕಾಫಿಯ ಚಟ ಹತ್ತಿಸಿಕೊಂಡು, ಅತ್ತೆ ಮರೆವ್ವನಿಗೂ ಹತ್ತಿಸಿದ್ದಳು. ಕೃಷ್ಣವ್ವ ಸತ್ತು ಎರಡು ವರ್ಷ. ಅಂದಿನಿಂದ ಮಷಿನ್ನೂ ಮೂಕ. ರಾಣಿ ಎರಡನೆಯವಳಾಗಿ ಬಂದು ಆರು ತಿಂಗಳಾಗಿತ್ತು. ಮರೆವ್ವ ಹೊಟ್ಟೆಪಾಡಿಗೆ ಇವಳ ರೊಟ್ಟಿ ತಿನ್ನುತ್ತಿದ್ದಳು. ಇವಳು ಕೊಟ್ಟ ಚಹಾ ಆರಿ ಕೆನೆಗಟ್ಟುವವರೆಗೂ ಮುಟ್ಟುತ್ತಿರಲಿಲ್ಲ. ಒಂದು ದಿನವೂ ಹೆಸರು ಹಿಡಿದು ಕರೆದಿರಲಿಲ್ಲ. ರಾಣಿಗೆ ಅದೇ ಸಂಕಟ.

"ಅತ್ತ್ಯಾರ, ಮಷಿನ್ ರಿಪೇರಿ ಮಾಡಿ ಇವತ್ತ ನಿಮಗ ಕಾಫಿ ಕುಡಸ್ತೇನ್ರಿ," ಎಂದು ಬೆಳಿಗ್ಗೆ ಹೇಳಿದ್ದಳು.

ಕಾಲಿನ ಸ್ವಾಧೀನ ತಪ್ಪಿ ಪಡಸಾಲೆಯ ಮಂಚ ಹಿಡಿದಿದ್ದ ಮರೆವ್ವ ಮುಖ ತಿರುಗಿಸಿದಳು. "ಆಕಿ ಕುಡದ ಕೂಡ್ಲೆ ಕಪ್ ತೊಳದ ಕಿಟಕ್ಯಾಗ ಬೋರಲ ಹಾಕತಿದ್ಲು. ನಿನ್ನಂಗ ಮುಸುರಿ ಬಿಡತಿದ್ದಿಲ್ಲ. ಆಕಿ ಮಷಿನ್ ಮುಟ್ಟೂಕಿಂತ ಮದ್ಲ ಆಕೀನ್ನ ಕೇಳೀಯೇನ?"

"ಅದೇನ ಹೊಸಾ ಸೀರಿ ಏನ್ರಿ, ಕೇಳಾಕ?" ಎಂದು ರಾಣಿ ನಕ್ಕಿದ್ದಳು.

ಸತ್ತ ಸವತಿಯ ಹೆಸರಿನ ಪುಟ್ಟ ಬಂಗಾರದ ಪದಕ ರಾಣಿಯ ತಾಳಿಯ ಜೊತೆಗೇ ಇತ್ತು. ಹೊಸದೇನು ತಂದರೂ ಮೊದಲು ಅದಕ್ಕೆ ತಾಗಿಸಿ, ಸತ್ತವಳ ಅಪ್ಪಣೆ ಪಡೆದು, ಆಮೇಲೆ ತಾನು ಬಳಸಬೇಕು ಅನ್ನುವುದು ಪದ್ಧತಿ. ಹಳೇ ಮಷಿನ್ನಿಗೆ ಆ ಗೊಡವೆ ಯಾಕೆ ಅಂದುಕೊಂಡಳು. ಅದು ಸತ್ತವಳದೇ ಸಾಮಾನು ಅನ್ನುವುದು ತಲೆಗೆ ಹೋಗಿರಲಿಲ್ಲ.

ಶಟ್ಟೆಪ್ಪ ಕಬ್ಬಿಗೆ ನೀರು ಹಾಯಿಸಲು ಹೋಗಿದ್ದ. ರಾಣಿ ಮತ್ತೆ ಪ್ಲಗ್ ಕಿತ್ತು, ತಳದ ಸ್ಕ್ರೂ ಬಿಚ್ಚಿದಳು. ಸವಳು ನೀರಿಗೆ ಪೈಪಿನೊಳಗೆ ಗಟ್ಟಿಯಾಗಿದ್ದ ಸುಣ್ಣವನ್ನು ಆಗಲೇ ಕೆರೆದು, ನಿಂಬೆರಸ ಹಾಕಿ ತೊಳೆದಾಗಿತ್ತು. ಊದಿದರೆ ಗಾಳಿ ಸರಾಗವಾಗಿ ಆಡುತ್ತಿತ್ತು. ಕೂಡಿಸಿ ಸ್ವಿಚ್ ಹಾಕಿದಳು. ದೀಪ ಹತ್ತಿತು, ಅಷ್ಟೇ. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು, ಅಡುಗೆಮನೆಯಲ್ಲಿ ಮಾತ್ರ ಥಂಡಿ. ಹಿಂದೆ ಯಾರೋ ನಿಂತು ತನ್ನ ಕೈಯನ್ನೇ ನೋಡುತ್ತಿದ್ದಾರೆ ಅನಿಸಿ ಮೈ ಜುಮ್ಮೆಂದಿತು. ತಿರುಗಿದರೆ ಯಾರೂ ಇಲ್ಲ.

ಅತ್ತೆ ಬೆಳಿಗ್ಗೆ ಕೇಳಿದ ಮಾತು ನೆನಪಾಗಿ, ರಾಣಿ ಬಗ್ಗಿ, ಕೊರಳ ಪದಕವನ್ನು ಮಷಿನ್ನಿಗೆ ತಾಗಿಸಿದಳು. "ಅಕ್ಕಾ, ತಪ್ಪಾತು. ಇದು ನಿಂದ ಐತಿ. ಮದ್ಲ ನೀ ಕುಡಿ."

ಗೊರಗೊರ ಸದ್ದಾಯಿತು. ಕಾಫಿಯ ವಾಸನೆ ಮನೆಯನ್ನೆಲ್ಲ ತುಂಬಿತು.

ಹಾಲು ಬೆರೆಸಿ, ಮೊದಲ ಕಪ್ಪನ್ನು ಕಿಟಕಿಯಲ್ಲಿಟ್ಟಳು. ಎರಡನೆಯದನ್ನು ಮರೆವ್ವನಿಗೆ ಒಯ್ದಳು. ಮುದುಕಿ ಮೊದಲು ಒಂದು ಗುಟುಕು ಕುಡಿದು ನೋಡಿದಳು. ಆಮೇಲೆ ತಳ ಕಾಣುವವರೆಗೂ ಕುಡಿದಳು.

"ರಾಣಿ," ಎಂದಳು. "ನೀನೂ ಒಂದೀಟ ಕುಡಿಯವಾ."

ಕಣ್ಣೊರೆಸಿಕೊಳ್ಳುತ್ತ ರಾಣಿ ಅಡುಗೆಮನೆಗೆ ಬಂದಳು. ಕಿಟಕಿಯಲ್ಲಿಟ್ಟ ಕಪ್ಪನ್ನು ಯಾರೋ ತೊಳೆದು ಬೋರಲು ಹಾಕಿದ್ದರು. ಅಂಚಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಹಿತ್ತಲ ಬಾಗಿಲಿಗೆ ಹಾಕಿದ ಚಿಲಕ ಹಾಗೆಯೇ ಇತ್ತು.

ರಾಣಿ ಉಳಿದ ಕಾಫಿ ಬಗ್ಗಿಸಿಕೊಂಡು ಕುಡಿದಳು. ತನ್ನ ಕಪ್ಪನ್ನೂ ತೊಳೆದು, ಅದರ ಮಗ್ಗುಲಿಗೆ ಬೋರಲು ಹಾಕಿದಳು.