ಬೋರಲಾದ ಏಳು ಹರಗೋಲು

ಅಮಾವಾಸ್ಯೆಯ ದಿನ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಮದುವೆ ಫೋಟೋ ತೆಗೆದು ಬದುಕುವವರಿಗೆ ತಿಂಗಳಲ್ಲಿ ಖಾತ್ರಿ ರಜೆಯೆಂದರೆ ಅದೊಂದೇ. ಮಾನ್ವಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟಿರುವ ಶಶಿಕಲಾ ಆ ಬೆಳಿಗ್ಗೆ ಕದ ಅರ್ಧ ಎಳೆದುಕೊಂಡು ಲೆನ್ಸ್ ಒರೆಸುತ್ತ ಕೂತಿದ್ದಾಗ ಬುರ್ಹಾನುದ್ದೀನ್ ಚಾಚಾನ ಫೋನು ಬಂತು. ಕೃಷ್ಣಾ ದಂಡೆಯಿಂದ ಮೀನು ತಂದು ಮಾನ್ವಿ, ಸಿರವಾರದ ಸಂತೆಗಳಲ್ಲಿ ಮಾರುವ ಮನುಷ್ಯ. ಅವಳಿಗೆ ಮೊದಲ ಸಲ ಹೊಳೆಯ ದಾರಿ ತೋರಿಸಿದವನೂ ಅವನೇ.

"ಬೇಟಿ, ವಾಟ್ಸಾಪ್ ನೋಡಿದೇನು?"

"ಇಲ್ಲ ಚಾಚಾ. ಏನಾತು?"

"ನೋಡು ಮೊದ್ಲು. ನೋಡಿ ಜಲ್ದಿ ಗೂಗಲ್ ಊರಿನ ಹಳೇ ಕಟ್ಟಿ ಕಡಿ ಬಾ. ನಿನ್ನ ಫೋಟೋ ಈ ಮಂದಿ ಹೊಟ್ಟಿ ಮ್ಯಾಲೆ ಹೊಡದದ."

ನೋಡಿದಳು. ನದಿ ದಂಡೆ ಅಂದಗೊಳಿಸುವ ಯೋಜನೆಯ ಪುಸ್ತಿಕೆಯ ಒಂದು ಪುಟ. ಪುಟದ ತುಂಬ ಅವಳದೇ ಚಿತ್ರ: ಬೆಳಗಿನ ಬಿಸಿಲು, ಹಳೇ ಕಟ್ಟೆಯ ಸವೆದ ಕಲ್ಲುಗಳು, ಕಪ್ಪು ಬೆನ್ನು ಮೇಲೆ ಮಾಡಿ ಬೋರಲಾಗಿ ಮಲಗಿದ ಏಳು ಹರಗೋಲು, ಆಚೆಗೆ ಬರೀ ನೀರು. ಒಂದು ನರಪಿಳ್ಳೆಯೂ ಇಲ್ಲ. ಎರಡು ವರ್ಷದ ಹಿಂದೆ ಬಹುಮಾನ ಬಂದ ಚಿತ್ರ. ರಾಯಚೂರಿನ ಪ್ರದರ್ಶನದಲ್ಲಿ ಈಗಲೂ ಗೋಡೆಯ ನಡುಮಧ್ಯೆ ನೇತಾಡುತ್ತಿರುವ ಚಿತ್ರ. ಇದೇ ಯೋಜನೆಯವರು ತಮ್ಮ ದೊಡ್ಡ ಪುಸ್ತಕಕ್ಕೆ ಫೋಟೋ ತೆಗೆಯುವ ಕೆಲಸವನ್ನು ಅವಳಿಗೆ ಕೊಟ್ಟದ್ದೂ ಈ ಚಿತ್ರ ನೋಡಿಯೇ. ಅದರ ಕೆಳಗೆ ಈಗ ಒಂದು ಸಾಲು ಅಚ್ಚಾಗಿತ್ತು: 'ಹಳೇ ಕಟ್ಟೆ. ಬಹುಕಾಲದಿಂದ ಬಳಕೆಯಲ್ಲಿಲ್ಲ.'

ಚಾಚಾ ಮತ್ತೆ ಫೋನು ಮಾಡಿ ಉಳಿದದ್ದನ್ನು ಹೇಳಿದ. ಹನ್ನೆರಡು ಗಂಟೆಗೆ ಅಧಿಕಾರಿಗಳು ಬಂದು ಸ್ಥಳದಲ್ಲೇ ಪಂಚನಾಮೆ ಬರೆಯುತ್ತಾರೆ. ಕಟ್ಟೆ ಬಳಕೆಯಲ್ಲಿಲ್ಲ ಎಂದು ಬರೆದುಕೊಂಡು ಹೋದರೆ ಮುಂದಿನ ವಾರ ತಂತಿ ಬೇಲಿ ಬೀಳುತ್ತದೆ. ಬೇಲಿ ಬಿದ್ದರೆ ಹತ್ತೊಂಬತ್ತು ಮನೆಯ ಮೀನುಗಾರರಿಗೆ ಹೊಳೆಗಿಳಿಯಲು ದಾರಿಯಿಲ್ಲ. ಪ್ರವಾಸಿಗಳು ಕೂತು ಐಸ್‌ಕ್ರೀಮ್ ತಿನ್ನುವ ಮೆಟ್ಟಿಲು ಅಲ್ಲಿ ಏಳುತ್ತವೆ.

ಶಶಿಕಲಾ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ, ಸ್ಕೂಟಿ ಒದ್ದು ಹೊರಟಳು.

ಸಿರವಾರದವರೆಗೂ ಎರಡೂ ಕಡೆ ಭತ್ತದ ಗದ್ದೆ. ಹೆಂಗಸರು ಬಗ್ಗಿ ನಾಟಿ ಮಾಡುತ್ತಿದ್ದರು. ಅವಳ ಅವ್ವ ಇದೇ ಕೆಸರಿನಲ್ಲಿ ಮೂವತ್ತು ವರ್ಷ ಬಗ್ಗಿದವಳು. ಅವಳ ಅಜ್ಜಿಯದು ಒಂದೇ ಒಂದು ಫೋಟೋ ಜಗತ್ತಿನಲ್ಲಿ ಉಳಿದಿದೆ. ಅದೂ ಊರ ಗೌಡರ ಮನೆಯ ಮದುವೆ ಚಿತ್ರ. ಬಲ ಅಂಚಿನಲ್ಲಿ ಹೆಡಿಗೆ ಹೊತ್ತ ಅಜ್ಜಿಯ ಮೊಣಕೈ ಮಾತ್ರ ಕಾಣುತ್ತದೆ. ಫೋಟೋದವನು ಅವಳಿಗೆ "ಬಾಜೂಕ ಸರಿಯಬೇ" ಅಂದಿದ್ದನಂತೆ. ಆ ಮೊಣಕೈ ನೋಡಿ ಸಿಟ್ಟು ನೆತ್ತಿಗೇರಿಯೇ ಶಶಿಕಲಾ ಕ್ಯಾಮೆರಾ ಹಿಡಿದದ್ದು. ಹಿಡಿದ ಮೇಲೆ ಮಾಡಿದ್ದೇನು? ಎರಡು ವರ್ಷದ ಹಿಂದಿನ ಆ ಬೆಳಿಗ್ಗೆ ಹಳೇ ಕಟ್ಟೆಯ ಮೇಲೆ ನಿಂತು, ಡಾಂಬರು ಬಳಿಯುತ್ತಿದ್ದವರಿಗೆ ತಾನೇ ಅಂದಿದ್ದಳಲ್ಲ: "ಎಲ್ಲಾರೂ ಸ್ವಲ್ಪ ನನ್ನ ಹಿಂದಕ ಬರ್ರಿ. ಐದೇ ನಿಮಿಷ. ಬರೀ ಹರಗೋಲು ಬೇಕು ನನಗ."

ಅವರು ಬಂದಿದ್ದರು. ಕುಂಚ ಹಿಡಿದುಕೊಂಡೇ, ನಗುತ್ತ.

ದೇವದುರ್ಗ ದಾಟುವಾಗ ಇನ್ನೊಂದು ಸಂಗತಿ ಹೊಳೆದು ಕೈ ಬ್ರೇಕಿನ ಮೇಲೆ ಬಿಗಿಯಾಯಿತು. ಎರಡು ವರ್ಷದಲ್ಲಿ ಆ ಕಟ್ಟೆಗೆ ಎಂಟು ಸಲ ಬಂದಿದ್ದಾಳೆ. ಎಂಟೂ ಸಲ ಅಮಾವಾಸ್ಯೆ. ಅವಳಿಗೆ ಬಿಡುವಿರುವುದೇ ಅವತ್ತು. ಅಮಾವಾಸ್ಯೆಗೆ ಹೊಳೆಯವರು ನೀರಿಗಿಳಿಯುವುದಿಲ್ಲ. ಹೊಳೆಗೆ ಅದು ವಿಶ್ರಾಂತಿಯ ದಿನ. ಹರಗೋಲುಗಳನ್ನು ಬೋರಲು ಹಾಕಿ, ತಳಕ್ಕೆ ಡಾಂಬರು ಬಳಿದು ಒಣಗಿಸುತ್ತಾರೆ. ಅವಳ ಹತ್ತಿರವಿರುವ ನೂರಾರು ಚಿತ್ರಗಳಲ್ಲಿ ಒಂದರಲ್ಲೂ ಬಲೆ ನೀರಿಗೆ ಬಿದ್ದಿಲ್ಲ. ಒಂದು ಮೀನಿಲ್ಲ.

ಇವತ್ತೂ ಅಮಾವಾಸ್ಯೆ.

ಕಟ್ಟೆ ಮುಟ್ಟಿದಾಗ ಹನ್ನೊಂದೂವರೆ. ಚಾಚಾನ ಮೋಟರ್‌ಸೈಕಲ್ಲು ಜಾಲಿ ಮರದ ಕೆಳಗೆ ನಿಂತಿತ್ತು. ಐಸಿನ ಡಬ್ಬಿ ಖಾಲಿ. ಏಳೂ ಹರಗೋಲು ಬೋರಲು, ಸುತ್ತ ಕುಂಚ ಹಿಡಿದ ಮಂದಿ. ವೆಂಕಮ್ಮ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಕೊನೆಯದಕ್ಕೆ ಡಾಂಬರು ಬಳಿಯುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಗಂಡ ತಾಯಣ್ಣ ಹೋದ ವರ್ಷ ತೀರಿಕೊಂಡ ಮೇಲೆ ಅವನ ಹರಗೋಲನ್ನು ತಾನೇ ನಡೆಸುವವಳು.

"ಬಂದ್ಲು ನೋಡ್ರಿ ಫೋಟೋದವ್ವ," ಅಂದಳು ವೆಂಕಮ್ಮ, ತಲೆ ಎತ್ತದೆ. "ನಮ್ಮನ್ನೆಲ್ಲ ಒಂದೇ ಸಲಕ್ಕ ಹೊಳಿಗೆ ಹಾಕಿದಾಕಿ."

"ಯವ್ವಾ, ನನಗ ಗೊತ್ತಿರಲಿಲ್ಲ, ಅವರು ಹಿಂಗ ಬರೀತಾರಂತ..."

"ಗೊತ್ತಿರಲಿಲ್ಲ. ಸರಿ. ಈಗ ಗೊತ್ತಾತಲ್ಲ?"

"ಒಂದು ಮಾತು ಕೇಳ್ತೀ ಏನು? ಒಂದೇ ಒಂದು ಹರಗೋಲು ನೀರಿಗೆ ಇಳಸ್ರಿ. ಅವರು ಬರೂದ್ರಾಗ ಬಲಿ ಬಿಟ್ಟಂಗ ತೋರಸ್ರಿ. ನಾ ವಿಡಿಯೋ ಮಾಡ್ತೀನಿ. ಮುಗೀತು."

ಕುಂಚ ನಿಂತಿತು. ಸುತ್ತ ಇದ್ದವರೂ ಕೈ ನಿಲ್ಲಿಸಿದರು.

"ಅಮಾಸಿ ದಿನ?"

"ಯವ್ವಾ, ಒಂದು ದಿನದ ಮಾತು..."

"ಆವತ್ತು ಐದು ನಿಮಿಷ ಅಂದಿ. ಇವತ್ತು ಒಂದು ದಿನ ಅಂತಿ." ವೆಂಕಮ್ಮ ನೆಟ್ಟಗೆ ನಿಂತಳು. "ನಾವು ಇದೀವಿ ಅಂತ ತೋರಸಾಕ ನಾವು ಬ್ಯಾರೇನ ಮಂದಿ ಆಗ್ಬೇಕೇನ? ನಿನ್ನ ಫೋಟೋಕ್ಕ ಹಿಂದಕ ಸರದ್ವಿ. ಸಾಹೇಬನ ಕಾಗದಕ್ಕ ಮುಂದಕ ಬರ್ಬೇಕು. ನಮ್ಮ ಜಾಗಾದಾಗ ನಾವು ಇದ್ದಂಗ ಇರೂದು ಯಾವಾಗವ್ವಾ?"

ಚಾಚಾ ಗಡ್ಡ ತುರಿಸಿಕೊಂಡ. "ಅದೂ ಬರೋಬ್ಬರಿ ಅದ. ಆದ್ರ ವೆಂಕವ್ವ, ಸಾಹೇಬಗ ಅಮಾಸಿನೇ ಯಾಕ ಸಿಕ್ತು ಅಂತೀನಿ?"

"ಅಮಾಸಿಗೆ ಯಾವ ಮಂತ್ರಿನೂ ಅಡಿಗಲ್ಲು ಹಾಕಾಕ, ರಿಬ್ಬನ್ ಕತ್ತರಸಾಕ ಬರಂಗಿಲ್ಲ," ಅಂದಳು ಶಶಿಕಲಾ. "ಅದಕ್ಕ ಸಾಹೇಬರಿಗೆ ಬಿಡುವು. ನನ್ನಂಗನ."

ಯಾರೂ ನಗಲಿಲ್ಲ.

ಹೇಳಿದ ಹೊತ್ತಿಗೆ ಸರಿಯಾಗಿ ಜೀಪು ಬಂತು. ಸಾಹೇಬರಿಗೆ ಇನ್ನೂ ನಲವತ್ತಾಗಿರಲಿಕ್ಕಿಲ್ಲ. ಬೂಟಿಗೆ ಕೆಸರು ಹತ್ತದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದರು; ಹಿಂದೆ ಫೈಲು ಹಿಡಿದ ಗುಮಾಸ್ತ. ಸಾಹೇಬರು ಪುಸ್ತಿಕೆಯ ಆ ಪುಟ ತೆರೆದು ಕಟ್ಟೆಯನ್ನೊಮ್ಮೆ, ಪುಟವನ್ನೊಮ್ಮೆ ನೋಡಿದರು.

"ಎರಡು ವರ್ಷದ ಹಿಂದೆ ಹೆಂಗಿತ್ತೋ ಇವತ್ತೂ ಹಂಗೇ ಅದ. ಎಲ್ಲಾ ಬೋರಲು. ಬರ್ಕೋರಿ," ಎಂದರು ಗುಮಾಸ್ತನಿಗೆ.

"ಇವತ್ತು ಅಮಾಸಿರೀ," ಅಂದಳು ವೆಂಕಮ್ಮ. "ನಾಳಿ ಬರ್ರಿ. ನೀರಾಗ ನೋಡೀರಂತ."

"ನೋಡವ್ವಾ, ನೀವು ಹೇಳೋದು ಹೇಳ್ತೀರಿ. ಜಾಗ ಹೋಗ್ತದಂದ್ರ ಯಾರೂ ಹೇಳ್ತಾರ. ಫೋಟೋ ಹಂಗಲ್ಲ. ಫೋಟೋಕ್ಕ ಯಾರ ಮ್ಯಾಲೂ ಪ್ರೀತಿ ಇಲ್ಲ."

ಸರಕಾರ ಜನರನ್ನು ನಂಬುವುದಿಲ್ಲ, ಜನರಿಲ್ಲದ ಚಿತ್ರವನ್ನು ನಂಬುತ್ತದೆ. ಆ ಚಿತ್ರವನ್ನು ಕೊಟ್ಟದ್ದು ತನ್ನ ಕೈ. ಈಗ ಬಾಯಿ ಬಿಟ್ಟರೆ ಬಹುಮಾನ ಹೋದೀತು, ಪುಸ್ತಕದ ಕೆಲಸವಂತೂ ಹೋದ ಹಾಗೆಯೇ. ಅವಳು ಕಲ್ಲಿಳಿದು ಮುಂದೆ ಬಂದಳು.

"ಸರ್, ಆ ಫೋಟೋ ನಂದು. ಅದು ಸುಳ್ಳು."

ಸಾಹೇಬರು ಗುರುತು ಹಿಡಿದು ನಕ್ಕರು. "ಓ, ಶಶಿಕಲಾ ಮೇಡಂ! ಸುಳ್ಳಿಗೆ ಬಹುಮಾನ ಕೊಟ್ರೇನು?"

"ಹೌದು ಸರ್, ಕೊಟ್ರು. ಪೂರಾ ಫೋಟೋ ನೀವೂ ನೋಡಿಲ್ಲ, ಅವರೂ ನೋಡಿಲ್ಲ. ಕೆಳಗಿನ ಭಾಗ ನಾನೇ ಕತ್ತರಿಸೀನಿ."

ಲ್ಯಾಪ್‌ಟಾಪ್ ತೆರೆದಳು. ನಡು ಮಧ್ಯಾಹ್ನದ ಬಿಸಿಲಿಗೆ ಪರದೆಯಲ್ಲಿ ಏನೂ ಕಾಣದು. ಎಲ್ಲರಿಗೂ ತಮ್ಮ ಮುಖವೇ ಕಂಡಿತು. ವೆಂಕಮ್ಮ ಮುಂದೆ ಬಂದು ತನ್ನ ಸೆರಗನ್ನು ಬಿಚ್ಚಿ ಲ್ಯಾಪ್‌ಟಾಪಿನ ಮೇಲೆ ಡೇರೆಯಂತೆ ಹಿಡಿದಳು.

"ತಲಿ ಒಳಗ ಹಾಕ್ರಿ ಸಾಹೇಬ್ರ. ಮೀನ ವಾಸನಿ ಬರ್ತದ, ತಡ್ಕೋರಿ."

ಸಾಹೇಬರು ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ ಸೆರಗಿನೊಳಗೆ ತಲೆ ಹಾಕಿದರು.

ಒಳಗೆ ಅದೇ ಏಳು ಹರಗೋಲು. ಆದರೆ ಚಿತ್ರ ಅಲ್ಲಿಗೆ ಮುಗಿದಿರಲಿಲ್ಲ. ಬೆಳಗಿನ ಸೂರ್ಯ ಅವಳ ಬೆನ್ನಿಗಿದ್ದುದರಿಂದ ಅವಳ ಹಿಂದೆ ನಿಂತವರ ನೆರಳೆಲ್ಲ ಉದ್ದಕ್ಕೆ ಚಾಚಿ ಕಟ್ಟೆಯ ಕಲ್ಲುಗಳ ಮೇಲೆ ಬಿದ್ದಿದ್ದವು. ಒಟ್ಟು ಹನ್ನೆರಡು. ಹನ್ನೊಂದು ಮಂದಿಯದು, ಇನ್ನೊಂದು ಮೂರು ಕಾಲಿನ ಸ್ಟ್ಯಾಂಡಿನ ಪಕ್ಕ ಬಗ್ಗಿದ್ದ ಅವಳದೇ. ಚಿತ್ರ ಚೊಕ್ಕಟವಾಗಲಿ ಎಂದು ಅಷ್ಟನ್ನೂ ಕತ್ತರಿಸಿ ಎಸೆದಿದ್ದಳು.

ವೆಂಕಮ್ಮನೂ ಬಗ್ಗಿದಳು. ಸೆರಗಿನೊಳಗೆ ಮೂರು ತಲೆ.

"ಇದು ನಾನು, ಡಾಂಬರ ಡಬ್ಬಿ ಹಿಡದೀನಿ. ಇವಾ ದೊಡ್ಡಪ್ಪ, ಸೊಟ್ಟ ನಿಂತಾನ, ಅವನ ಕಾಲೇ ಹಂಗ. ಇದು..." ಬೆರಳು ನಿಂತಿತು. ಹೆಗಲ ಮೇಲೆ ಹುಟ್ಟು ಇಟ್ಟುಕೊಂಡ ಒಂದು ಉದ್ದನೆಯ ನೆರಳು. "ಇಂವ ನಮ್ಮನಿಯವ."

ಗಂಡ ಸತ್ತಾಗ ಗೋಡೆಗೆ ಹಾಕಲು ಒಂದು ಫೋಟೋ ಇದೆಯೇ ಎಂದು ಅವಳು ಚಾಚಾನ ಕೈಲಿ ಕೇಳಿ ಕಳಿಸಿದ್ದಳು. ಇಲ್ಲ ಎಂದಿದ್ದಳು ಶಶಿಕಲಾ. ಹುಡುಕಿಯೂ ಇರಲಿಲ್ಲ.

"ಇದ್ದಾನಲ್ಲ," ಅಂದಳು ವೆಂಕಮ್ಮ. ಶಶಿಕಲಾಳತ್ತ ನೋಡಲಿಲ್ಲ.

ಸಾಹೇಬರು ತಲೆ ಹೊರಗೆ ತೆಗೆದು ಬೆವರು ಒರೆಸಿಕೊಂಡರು. "ನೆರಳು ತೋರಿಸಿದ್ರ ಆಗ್ತದೇನು ಮೇಡಂ? ಯಾರದೂ ಇರಬಹುದು. ನೋಡ್ಲಿಕ್ಕೆ ಬಂದವರದು." ಗುಮಾಸ್ತನತ್ತ ತಿರುಗಿದರು. "ಬರೀರಿ: ಬಳಕೆಯಲ್ಲಿದೆ ಎಂದು ಸ್ಥಳೀಯರು ಹೇಳುತ್ತಾರೆ."

"ಹೇಳ್ತಾರ ಅಲ್ಲ," ಅಂದಳು ವೆಂಕಮ್ಮ. "ಅದ."

ಬರೆಯಲು ಆಸರೆ ಬೇಕಲ್ಲ. ಗುಮಾಸ್ತ ಸಾಹೇಬರ ಕೈಯಿಂದ ತೆರೆದ ಪುಸ್ತಿಕೆಯನ್ನು ಇಸಿದುಕೊಂಡು, ಪುಟ ಕೆಳಗಾಗಿ ಪಕ್ಕದ ಹರಗೋಲಿನ ಬೆನ್ನಿಗೆ ಹಾಸಿ, ಅದರ ಮೇಲೆ ಫೈಲಿಟ್ಟು ಒತ್ತಿ ಬರೆಯತೊಡಗಿದ್ದ. ಮುಗಿಸಿ ಫೈಲು ಎತ್ತಿದ, ಪುಸ್ತಿಕೆ ಬರಲಿಲ್ಲ. ಎಳೆದ. ಬರಲಿಲ್ಲ. ಸಾಹೇಬರು "ಏನ್ರಿ ಅದು?" ಎನ್ನುತ್ತ ಒಂದು ಕೈಯನ್ನು ಹರಗೋಲಿಗೆ ಊರಿ ಇನ್ನೊಂದರಿಂದ ಜಗ್ಗಿದರು. ಪುಟ ಅಡ್ಡಡ್ಡ ಹರಿಯಿತು. ಬಹುಮಾನದ ಚಿತ್ರದ ಅರ್ಧ ಡಾಂಬರಿಗೆ ಅಂಟಿಯೇ ಉಳಿಯಿತು, ಊರಿದ್ದ ಅಂಗೈ ಕಪ್ಪಾಯಿತು.

ಮೊದಲು ನಕ್ಕವನು ಚಾಚಾ. "ಬಹುಕಾಲದಿಂದ ಬಳಕೆ ಇಲ್ಲದ ಹರಗೋಲಿಗೆ ಹಸಿ ಡಾಂಬರ ಯಾರು ಬಳದ್ರು ಸಾಬ್? ಜಿನ್ನ ಬಂದು ಬಳೀತೇನು?"

ಈಗ ಎಲ್ಲರೂ ನಕ್ಕರು. ಶಶಿಕಲಾ ನಗಲಿಲ್ಲ. "ಅದನ್ನ ಬರೀರಿ ಸರ್," ಅಂದಳು. "ಏಳು ಹರಗೋಲಿಗೂ ಹಸಿ ಡಾಂಬರ ಅದ ಅಂತ ಬರೀರಿ. ಫೋಟೋ ತೆಗೆದಾಕಿ ಮಂದಿನ್ನ ಸರಿಸಿ ತೆಗದಾಳ ಅಂತ ಬರೀರಿ. ಕೆಳಗ ನಾ ಸಹಿ ಮಾಡ್ತೀನಿ."

"ಮೇಡಂ, ಪುಸ್ತಕದ ಕೆಲಸ ನಿಮಗೆ ಕೊಟ್ಟೀವಿ. ವಿಚಾರ ಮಾಡ್ರಿ."

"ಮಾಡೀನಿ."

ಸಾಹೇಬರು ಕಪ್ಪಾದ ಅಂಗೈ ನೋಡಿಕೊಂಡರು. ಸುತ್ತ ನಲವತ್ತು ಮಂದಿ ಸೇರಿದ್ದರು, ಕುಂಚಗಳು ಕೈಯಲ್ಲೇ ಇದ್ದವು. ಹಿಂದಿನ ಸಾಲು ಹೊಡೆದುಹಾಕಿ ಹೊಸದಾಗಿ ಬರೆಸಿದರು: ಕಟ್ಟೆ ಬಳಕೆಯಲ್ಲಿದೆ, ಏಳು ಹರಗೋಲುಗಳಿಗೆ ಹಸಿ ಡಾಂಬರು ಇದೆ. ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದಳು ವೆಂಕಮ್ಮ; ಶಾಯಿ ಡಬ್ಬಿ ಬೇಕಾಗಲಿಲ್ಲ. ಕೆಳಗೆ ಶಶಿಕಲಾ ಸಹಿ ಹಾಕಿದಳು.

"ಇದೇನು ಕಡೀದಲ್ಲ," ಎಂದರು ಸಾಹೇಬರು ಜೀಪು ಹತ್ತುವಾಗ. "ರಾಯಚೂರಿನಾಗ ಮ್ಯಾಲಿನವರು ಅದಾರ."

ಜೀಪಿನ ಧೂಳು ಇಳಿಯುವ ಮೊದಲೇ ಶಶಿಕಲಾಳ ಫೋನು ಬಡಿದುಕೊಳ್ಳತೊಡಗಿತು. ಯೋಜನೆಯ ಆಫೀಸು. ಎತ್ತಿದಳು, "ಹೌದು, ನಾನೇ ಹೇಳೀನಿ" ಎಂದಷ್ಟೇ ಹೇಳಿ ಇಟ್ಟಳು. ಮತ್ತೆ ಬಡಿಯಿತು. ಎದ್ದಳು, ಕೂತಳು, ಕ್ಯಾಮೆರಾ ಹೊರತೆಗೆದಳು, ಮತ್ತೆ ಚೀಲಕ್ಕಿಟ್ಟಳು. ನಾಳೆ ಸಿರವಾರದಲ್ಲಿ ಮದುವೆ ಒಪ್ಪಿಕೊಂಡಿದ್ದಾಳೆ. ನಾಳೆ ಇವರು ನೀರಿನಲ್ಲಿರುತ್ತಾರೆ. ರಾಯಚೂರಿನ ಮೇಲಿನವರು ನಾಳೆಯೇ ಫೈಲು ತೆರೆದರೆ?

ವೆಂಕಮ್ಮ ಹರಿದ ಪುಟದ ಮೇಲೆಯೇ ಡಾಂಬರು ಎಳೆಯುತ್ತಿದ್ದಳು. "ಹೊತ್ತು ಹುಟ್ಟೂದ್ರಾಗ ಇಳೀತೀವಿ. ಬರಾಕಿ ಏನು?"

ಶಶಿಕಲಾ ಸಿರವಾರದವರಿಗೆ ಫೋನು ಹಚ್ಚಿದಳು. "ಅಣ್ಣಾರ, ನಾಳಿ ನನಗ ಆಗಂಗಿಲ್ರಿ," ಅಂದಳು. ಆ ಕಡೆಯವರು ಬೈಯತೊಡಗಿದರು. ಕೇಳಿಸಿಕೊಂಡು ನಿಂತಳು.

"ಬರ್ತೀನಿ ಯವ್ವಾ."

"ಹರಗೋಲ್ದಾಗ ಕುಂತು ತಗೀಬೇಕು. ದಂಡಿ ಮ್ಯಾಲೆ ನಿಂತು ಅಲ್ಲ."

"ನನಗ ಈಜಾಕ ಬರಂಗಿಲ್ಲ."

"ಹಂಗಾರ ಈ ಸಲ ನಾವು ಹೇಳಿದ ಕಡಿ ನೀ ಸರೀಬೇಕು," ಅಂದಳು ವೆಂಕಮ್ಮ, ಕುಂಚವನ್ನು ಡಬ್ಬಿಗೆ ಅದ್ದಿ.