ಮೊದಲು ಮುಗಿಸಿದವಳು

ನಮ್ಮ ಶಾಲೆಯ ಡ್ರಾಯಿಂಗ್ ಟೀಚರ್ ಕೆಟ್ಟವರಲ್ಲ. ಆದರೆ ಮಕ್ಕಳು ಸುಮ್ಮನೆ ಕೂತರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅದರಲ್ಲೂ ಎಲ್ಲರೂ ‘ಆಮೆ’ ಎಂದು ಕರೆಯುತ್ತಿದ್ದ ಹುಡುಗಿ ಬಿಳಿ ಹಾಳೆ ಮುಂದಿಟ್ಟುಕೊಂಡು, ಪೆನ್ಸಿಲ್ ತುದಿ ಕಚ್ಚುತ್ತ, ಪೀರಿಯಡ್ ಪೂರ್ತಿ ಕಿಟಕಿಯಾಚೆ ನೋಡುತ್ತಿದ್ದಳು. ಗಂಟೆ ಹೊಡೆಯುವ ಹೊತ್ತಿಗೆ ಏನೋ ಬಿಡಿಸಿ ಕೊಡುತ್ತಿದ್ದಳು. ಒಮ್ಮೆ ಪುಟ್ಟ ತಮ್ಮನ ಬಾಯಿಯನ್ನು ಹಾಳೆಯ ತುಂಬ ಬರೆದು, ಅದರೊಳಗೆ ಮನೆ, ಅಪ್ಪ, ಅಮ್ಮ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ತುರುಕಿದ್ದಳು. ಪಾಪು ಅತ್ತರೆ ಮನೆಯಲ್ಲಿ ಬೇರೇನೂ ಇರುವುದಿಲ್ಲವಂತೆ. ಸ್ಟಾಫ್ ರೂಮಿನಲ್ಲಿ ಅದನ್ನು ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅದು ಎಂಥ ಚಿತ್ರವೆಂದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಹೋದ ವರ್ಷ ಬೇರೆ ಶಾಲೆಯಲ್ಲಿ ನಡೆದ ಚಿತ್ರಸ್ಪರ್ಧೆಯಲ್ಲಿ ಆಮೆ ಯೋಚಿಸುತ್ತಲೇ ಕೂತು ಖಾಲಿ ಹಾಳೆ ಕೊಟ್ಟು ಬಂದಳು. ಹೆಡ್‌ಮಾಸ್ಟರು ಟೀಚರನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡರು. ಅಂದಿನಿಂದ ಟೀಚರ್ ಹಟಕ್ಕೆ ಬಿದ್ದರು. ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿಕೊಂಡು ಒಂದೇ ಚಿತ್ರ ತಿದ್ದಿಸಿದರು: ನದಿ, ದೋಣಿ, ಮೇಲೆ ಎರಡು ಹಕ್ಕಿ. ವಿಷಯ ಏನೇ ಕೊಡಲಿ, ಇದನ್ನೇ ಹೊಂದಿಸು, ಸುಮ್ಮನೆ ಯೋಚಿಸುತ್ತ ಕೂರಬೇಡ ಎಂದರು. ಹುಡುಗಿ ಅದನ್ನು ಕಣ್ಣು ಮುಚ್ಚಿ ಬಿಡಿಸುವಷ್ಟು ಕಲಿತಳು.

ಈ ವರ್ಷದ ಸ್ಪರ್ಧೆಗೆ ನಾನೂ ಜೊತೆಗೆ ಹೋಗಿದ್ದೆ. ಬೋರ್ಡಿನ ಮೇಲೆ ವಿಷಯ ಬರೆದರು: ‘ನಾನು ಕೇಳಿದ ಒಂದು ಸದ್ದು’. ಬಾಗಿಲಾಚೆ ನಿಂತಿದ್ದ ಟೀಚರ್ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಇದು ಇವಳಿಗೆಂದೇ ಕೊಟ್ಟ ಹಾಗಿದೆ, ಒಂದು ಗಳಿಗೆ ಯೋಚಿಸಿದರೆ ಸಾಕು ಎಂದು ಪಿಸುಗುಟ್ಟಿದರು. ಆಮೆ ಹಾಳೆಯಿಂದ ತಲೆ ಎತ್ತಲೇ ಇಲ್ಲ. ಎಲ್ಲರಿಗಿಂತ ಮೊದಲು ಮುಗಿಸಿ, ಕೈಯ ಬಣ್ಣವನ್ನು ಸ್ಕರ್ಟಿಗೆ ಒರೆಸಿಕೊಳ್ಳುತ್ತ ಹೊರಗೆ ಓಡಿಬಂದಳು.

ಯಾವ ಸದ್ದು ಬಿಡಿಸಿದೆ ಎಂದು ಟೀಚರ್ ಕೇಳಿದರು.

“ದೋಣಿದು ಮಿಸ್. ಈ ಸಲ ನಾನು ಯೋಚ್ನೆನೇ ಮಾಡ್ಲಿಲ್ಲ.”

ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ, ಟೀಚರ್ ಅವಳ ಬೆನ್ನು ತಟ್ಟಲೇಬೇಕಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಟೀಚರ್ ಚೀಲದಿಂದ ಒಂದು ಹಾಳೆ ತೆಗೆದು ಅವಳ ತೊಡೆಯ ಮೇಲಿಟ್ಟರು. ಇದು ಸ್ಪರ್ಧೆಯಲ್ಲ, ಅವಸರವೂ ಇಲ್ಲ, ನಿನಗೇನು ತೋಚುತ್ತೋ ಅದನ್ನು ಬಿಡಿಸು ಎಂದರು. ಹುಡುಗಿ ಹಾಳೆ ನೋಡಿದಳು, ಟೀಚರ್ ಮುಖ ನೋಡಿದಳು. ತನ್ನಿಂದ ಏನೋ ತಪ್ಪಾಗಿದೆ ಎಂದುಕೊಂಡಳೇನೋ, ಕಣ್ಣು ತುಂಬಿಕೊಂಡಿತು.

“ತೋಚೋದು ಅಂದ್ರೆ ಯಾವ್ದು ಮಿಸ್? ನೀವೇ ಒಂದ್ಸಲ ಬಿಡ್ಸಿ ತೋರ್ಸಿ. ಹಾಗೇ ಮಾಡ್ತೀನಿ.”