ಹುರಿಯದ ಮಣ್ಣು

ಮಾರ್ಚ್ ಕೊನೆಯ ಹೊತ್ತಿಗೆ ನಾವು ಬಾಡಿಗೆಗಿರುವ ಬಸವೇಶ್ವರನಗರದ ಮನೆಯ ಬೋರ್‌ವೆಲ್ ಬತ್ತಿತು. ಓನರ್ ಗೋಪೀನಾಥ ಅವರು ಕೆಳಗಿನಿಂದಲೇ ಕೂಗಿ ಹೇಳಿದರು: "ಲತಾ, ಟೆರೇಸ್ ಗಿಡಕ್ಕೆ ಟ್ಯಾಂಕರ್ ನೀರು ಬೇಡಮ್ಮ. ತರಕಾರಿ ತೊಳೆದ ನೀರು ಏನಿದ್ಯೋ ಅಷ್ಟೇ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಟೆರೇಸ್ ಮೇಲಿದ್ದದ್ದು ನಮ್ಮತ್ತೆ ಹನುಮಕ್ಕನವರ ಹೆಗ್ಗನಹಳ್ಳಿ ಹೊಲದ ಬದನೆ. ಹಸಿರು ಮೈ, ತೊಟ್ಟಿನ ಹತ್ತಿರ ಬಿಳಿ ಗೆರೆ. ಹೊಲ ಎಂದೋ ಸೈಟುಗಳಾಗಿತ್ತು. ಬೀಜವನ್ನು ಮಾತ್ರ ಅತ್ತೆ ವರ್ಷ ವರ್ಷ ಕುಂಡದಲ್ಲಿ ಬೆಳೆಸಿ ಉಳಿಸಿಕೊಂಡು ಬಂದಿದ್ದರು. ಮಂಡಿ ಆಪರೇಷನ್ ಆದ ಮೇಲೆ ಅದೂ ತಪ್ಪಿತ್ತು. ಈ ಸಲ ಡಬ್ಬಿಯಲ್ಲಿದ್ದ ಹಳೆಯ ಬೀಜವನ್ನೆಲ್ಲ ಹಾಕಿದರೂ ಹುಟ್ಟಿದ್ದು ಎಂಟೇ ಸಸಿ. ಅವುಗಳಲ್ಲಿ ಒಂದಾದರೂ ಕಾಯಿ ಗಿಡದಲ್ಲೇ ಹಣ್ಣಾಗದಿದ್ದರೆ ಆ ತಳಿ ಮುಗಿದಂತೆ.

ಫೆಬ್ರವರಿಯಲ್ಲಿ ಸಸಿ ನೆಟ್ಟವಳು ನಾನು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವುದರಿಂದ, ಮುಟ್ಟುವುದನ್ನೆಲ್ಲ ಕಾಯಿಸಿ ಕ್ರಿಮಿ ಕೊಲ್ಲುವುದು ನನ್ನ ಅಭ್ಯಾಸ. ಇಂಥ ಸಸಿಗೆ ರೋಗ ತಗುಲಿದರೆ ಏನು ಗತಿ ಎಂದು ಹೆದರಿ, ಅತ್ತೆ ಹಳೇ ಹೊಲದಿಂದ ತಂದು ಮೂಟೆಗಳಲ್ಲಿ ಇಟ್ಟುಕೊಂಡಿದ್ದ ಮಣ್ಣನ್ನು ದೊಡ್ಡ ಬಾಣಲೆಗೆ ಹಾಕಿ ಹುರಿಯತೊಡಗಿದೆ.

"ಏನೇ ಇದು, ಮಣ್ಣಿಗೆ ಒಗ್ಗರಣೆನಾ?" ಎಂದರು ಅತ್ತೆ.

"ಸ್ಟೆರಿಲೈಸ್ ಮಾಡ್ತಿದೀನಿ ಅತ್ತೆ. ಹುಳ, ರೋಗ ಏನೂ ಇರಲ್ಲ."

"ಒಂಚೂರು ಕರಿಬೇವೂ ಹಾಕು, ಘಮ ಅನ್ನುತ್ತೆ."

ಆರು ಕುಂಡಕ್ಕಾಗುವಷ್ಟು ಹುರಿಯುವಷ್ಟರಲ್ಲಿ ಗ್ಯಾಸ್ ಮುಗಿಯಿತು. ಉಳಿದ ಎರಡು ಸಸಿಗಳನ್ನು ಹುರಿಯದ ಮಣ್ಣಿನಲ್ಲೇ, ಎರಡು ಚೀಲಗಳಲ್ಲಿ ನೆಟ್ಟೆ. ನನ್ನ ಹೆದರಿಕೆಯೆಲ್ಲ ಆ ಎರಡರ ಬಗ್ಗೆಯೇ ಇತ್ತು.

ಏಪ್ರಿಲ್ ಬಿಸಿಲಿಗೆ ಬಾಡಿದ್ದು ಮಾತ್ರ ಕುಂಡದ ಆರು. ಸಂಜೆಯಾದರೂ ಅವುಗಳ ಎಲೆ ತಲೆ ಎತ್ತುತ್ತಿರಲಿಲ್ಲ. ಚೀಲದ ಎರಡೂ ಅಷ್ಟೇ ನೀರಿನಲ್ಲಿ ನೆಟ್ಟಗೆ ನಿಂತು ಹೂ ಬಿಟ್ಟವು. ನನಗೆ ಅನುಮಾನ ಬಂತು.

"ಬೇಜಾರು ಮಾಡ್ಕೋಬೇಡಿ ಅತ್ತೆ. ಆ ಎರಡಕ್ಕೆ ಕದ್ದು ನೀರು ಹಾಕ್ತಿದೀರಾ?"

"ನಾನಾ? ಈ ಮಂಡಿ ಇಟ್ಕೊಂಡು ಮೆಟ್ಲು ಹತ್ತೋದೇ ಹೆಚ್ಚು. ನೀನೇ ಹಾಕ್ತಿದೀಯ ಅಂತ ನಾನು ಸುಮ್ನಿದ್ದೆ ಕಣೇ!"

ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಗೋಪೀನಾಥ ಅವರು ತಿರುಗಿ ನೋಡಿದರು. "ನಾನು ನಿಮ್ಮಿಬ್ರ ಮೇಲೂ ಡೌಟ್ ಪಟ್ಟು ಟ್ಯಾಂಕಿಗೆ ಬೀಗ ಹಾಕ್ಸಿದೀನಿ," ಎಂದರು.

ಹಾಗಾದರೆ ನೀರು ಕುಡಿಸುತ್ತಿದ್ದವರು ಯಾರು? ಹಿಂದೆ ಕಾಲೇಜಿನಲ್ಲಿ ಐದು ಅಂಕಕ್ಕೆಂದು ಓದಿದ್ದ ಪಾಠವೊಂದು ಆಗ ನೆನಪಾಯಿತು. ಮಣ್ಣಿನಲ್ಲಿ ಕೆಲವು ಶಿಲೀಂಧ್ರಗಳು ಬೇರಿನೊಳಗೆ ಮನೆ ಮಾಡಿಕೊಳ್ಳುತ್ತವೆ. ಬೇರು ನುಗ್ಗಲಾರದ ಸಂದಿಗೂ ತಮ್ಮ ಎಳೆ ಚಾಚಿ ನೀರು, ಸಾರ ತಂದುಕೊಡುತ್ತವೆ. ಗಿಡ ಅದಕ್ಕೆ ಬದಲಾಗಿ ಸಕ್ಕರೆ ಕೊಡುತ್ತದೆ. ನಾನು ಹುರಿದದ್ದು ಅವನ್ನೇ ಇರಬಹುದೇ?

ಕ್ಲಿನಿಕ್ಕಿನ ಡಾಕ್ಟರ ಅನುಮತಿ ಕೇಳಿ, ಎರಡೂ ಬಗೆಯ ಗಿಡಗಳಿಂದ ಉಗುರಿನಷ್ಟು ಬೇರು ಕತ್ತರಿಸಿ ಲ್ಯಾಬಿಗೆ ಒಯ್ದೆ. ಚರ್ಮದ ಸೋಂಕು ನೋಡಲು ಬಳಸುವ ಕ್ಷಾರದಲ್ಲೇ ಕುದಿಸಿ, ವಿನೆಗರ್ ಬೆರೆಸಿದ ಪೆನ್ನಿನ ನೀಲಿ ಇಂಕಿನಲ್ಲಿ ಅದ್ದಿದೆ. ಶುಗರ್ ಟೆಸ್ಟಿಗೆ ಬಂದಿದ್ದ ಅತ್ತೆ ಪಕ್ಕದಲ್ಲೇ ಕೂತಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕುಂಡದ ಬೇರು ಖಾಲಿ. ಚೀಲದ ಬೇರಿನೊಳಗೆ ನೀಲಿ ದಾರಗಳು, ನಡುನಡುವೆ ಗುಳ್ಳೆಗಳು. ನಾನು ಎರಡನ್ನೂ ಮತ್ತೆ ಮತ್ತೆ ನೋಡಿ, ಬೇರಿಟ್ಟ ಗಾಜಿನ ಸ್ಲೈಡುಗಳು ಅದಲುಬದಲಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಅತ್ತೆಗೆ ವಿಷಯ ಹೇಳಿ ತೋರಿಸಿದೆ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು. "ಇವೆಲ್ಲ ನಮ್ಮ ಹೊಲದವಾ?"

"ಹೌದು ಅತ್ತೆ. ನಿಮ್ಮ ಮೂಟೆ ಜೊತೆ ಬಂದಿವೆ."

"ನಮ್ಗೇ ಗೊತ್ತಿಲ್ದಂಗೆ ಇಷ್ಟು ಜನ ಮನೇಲಿದ್ರಾ!"

ಚೀಲದ ಗಿಡಗಳ ಬುಡದ ಮಣ್ಣು, ಬೇರು ತೆಗೆದು ಆರೂ ಕುಂಡಕ್ಕೆ ಬೆರೆಸಿಬಿಡೋಣ ಎಂದು ನನಗೆ ಅವಸರವಾಯಿತು. ಅತ್ತೆ ತಡೆದರು. "ಹೂ ಬಿಟ್ಟಿರೋದನ್ನ ಕೆದಕಿ, ಸಾಯ್ತಿರೋದಕ್ಕೆ ಹಾಕ್ತೀಯಾ? ಅವು ಹೊಸ ಬೇರು ಹಿಡ್ಕೊಳೋಕೆ ಎಷ್ಟು ದಿನ ಬೇಕು?"

"ವಾರಗಟ್ಟಲೆ."

"ಅಷ್ಟೊತ್ತಿಗೆ ಎರಡೂ ಇರಲ್ಲ, ಆರೂ ಇರಲ್ಲ."

ಆರನ್ನು ಕೈಬಿಡುವುದು ನನಗೆ ಕಷ್ಟವಾಯಿತು. ಆದರೂ ತೊಳೆದ ನೀರನ್ನೆಲ್ಲ ಚೀಲಗಳಿಗೇ ಹಾಕಿದೆವು. ಕುಂಡದವು ಒಂದೊಂದಾಗಿ ಒಣಗಿದವು. ಎರಡೇ ಗಿಡ ನೋಡಿ ಶಿಲೀಂಧ್ರವೇ ಕಾರಣವೆಂದು ಹೇಳಲಾಗದು. ಚೀಲದಲ್ಲಿ ಕಾವು ಕಡಿಮೆಯಿತ್ತೇನೋ ಎಂದೂ ನನಗೆ ಅನ್ನಿಸುತ್ತದೆ. ಆದರೆ ಮೇ ಕೊನೆಯಲ್ಲಿ ಚೀಲದ ಗಿಡವೊಂದರಲ್ಲಿ ಕಾಯಿ ಹಳದಿಯಾಗಿ, ತೂಕಕ್ಕೆ ಬಾಗಿತು. ಅತ್ತೆ ಅದನ್ನು ಹಿಚುಕಿ, ಬೀಜ ತೊಳೆದು, ಬೂದಿ ಬೆರೆಸಿ ತಟ್ಟೆಯಲ್ಲಿ ಹರಡಿದರು. ತಟ್ಟೆ ತುಂಬ ಬೀಜ.

"ನನಗೂ ಒಂದು ಸಸಿ ಇಡ್ರಿ," ಎಂದರು ಗೋಪೀನಾಥ.

"ಮೊದ್ಲು ಬೀಗ ತೆಗೀರಿ," ಎಂದರು ಅತ್ತೆ.

ಮಳೆ ಬಂದ ಮೇಲೆ ಚೀಲದ ಮಣ್ಣನ್ನು ಹಳೇ ಬೇರಿನ ಸಮೇತ ಒಡೆದು ಎಲ್ಲ ಕುಂಡಗಳಿಗೂ ಹಂಚಲು ಕೂತೆ. ಅತ್ತೆ ಒಳಗಿನಿಂದ ಬಾಣಲೆ ತಂದು ನನ್ನ ಪಕ್ಕದಲ್ಲಿಟ್ಟರು. ಅದರಲ್ಲಿ ಬಿಸಿ ಬಿಸಿ ಮಂಡಕ್ಕಿ ಒಗ್ಗರಣೆ ಇತ್ತು.

"ಕೈ ತೊಳ್ಕೊಂಡು ತಿನ್ನು," ಎಂದರು. "ಕರಿಬೇವು ಹಾಕಿದೀನಿ."